ಗಿಣ್ಣಿನ ತಂಬಿಗೆ

ನನ್ನ ಅಜ್ಜಿ ಮುನಿವೆಂಕಟಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ 4172 ಎಂಬ ಒಂದೇ ಒಂದು ಸಂಖ್ಯೆಯನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ನಾನು ಚಿಕ್ಕವಳಿದ್ದಾಗಲೂ ಯಡಿಯೂರಿನ ನಮ್ಮ ಮನೆಯ ಕೊಟ್ಟಿಗೆಯ ಗೋಡೆಯಲ್ಲಿ ಇದ್ದಿಲಿನಿಂದ ಬರೆದ ಆ ನಾಲ್ಕು ಅಂಕಿ ಇದ್ದವು. ಯುಗಾದಿಗೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟು ಬಳಿಯಬೇಕು. ಕುಂಚ ಒಂದು ಬೆರಳು ಆಚೆ ಸರಿದರೆ ಸಾಕು, “ಕಣ್ಣೇನು ಹಿತ್ಲಲ್ಲಿ ಒಣಗಾಕಿದ್ಯೇನೋ?” ಎಂದು ಎಗರಿ ಬೀಳುತ್ತಿದ್ದಳು. ಬೈಸಿಕೊಂಡವನು ಸ್ವಂತ ಮೈದುನನೇ ಆಗಲಿ, ಕೂಲಿಯವನೇ ಆಗಲಿ, ಅವಳಿಗೆ ಎಲ್ಲ ಒಂದೇ.

ಸತ್ತವರ ಬಗ್ಗೆ ಬರೆಯಲು ಕೂತರೆ ಎಲ್ಲರೂ ದೇವರಾಗಿಬಿಡುತ್ತಾರೆ. ನನ್ನ ಕೈಲಿ ಅದಾಗದು. ನಮ್ಮಜ್ಜಿ ಹಟಮಾರಿ, ಬಾಯಿ ಜೋರು, ಮೇಲಾಗಿ ಒಂದು ಸಲ ದೊಡ್ಡ ತಪ್ಪು ಮಾಡಿದವಳು. ಅವಳು ತೀರಿಕೊಂಡದ್ದು 1969ರಲ್ಲಿ, ನನಗೆ ಏಳು ವರ್ಷವಾಗಿದ್ದಾಗ. ಅದಕ್ಕೆ ಒಂದು ವಾರ ಮುಂಚೆ ಆ ತಪ್ಪನ್ನು ಅವಳೇ ಬಾಯಿಬಿಟ್ಟು ಹೇಳಿದಳು, ನಾನು ಅಲ್ಲೇ ಇದ್ದೆ. ಅವಳ ಮೇಲೆ ನನಗೆ ಈಗಲೂ ಕರುಳು ಹಿಂಡುವಷ್ಟು ಪ್ರೀತಿ ಇರುವುದಕ್ಕೆ ಆ ತಪ್ಪೂ ಒಂದು ಕಾರಣ. ಅದನ್ನೇ ಹೇಳುತ್ತೇನೆ.

ಅಜ್ಜಿಯ ತವರು ಕೋಣನಕುಂಟೆ. ಮದುವೆಯಾಗಿ ಬಂದದ್ದು ಯಡಿಯೂರಿನ ಬೈರಣ್ಣನ ಮನೆಗೆ. ಕೆರೆ ಪಕ್ಕದಲ್ಲಿ ಹೊಲ, ರಾಗಿ, ಸಾಲಲ್ಲಿ ಅವರೆ. ಹೆತ್ತದ್ದು ಮೂರು ಮಕ್ಕಳನ್ನು, ಉಳಿದದ್ದು ಒಂದೇ, ನನ್ನ ಅಮ್ಮ ಗೌರಮ್ಮ. ಅವಳಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾತ ಜ್ವರದಲ್ಲಿ ಹೋದ. ಆಮೇಲೆ ಹೊಸ ಬಡಾವಣೆ ಬಂತು, ಹೊಲದ ತುಂಬ ಗುರುತಿನ ಕಲ್ಲು ನೆಟ್ಟರು. ಆ ಕತೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ ಬಿಡಿ, ನಾನೇನು ಹೊಸದಾಗಿ ಹೇಳುವುದು. ಅಜ್ಜಿಗೆ ಉಳಿದದ್ದು ಮನೆ, ಕೊಟ್ಟಿಗೆ, ಕೆಂಪಿ ಮತ್ತು ಬೆಳ್ಳಿ ಎಂಬ ಎರಡು ಹಸು. ತಾತನ ತಮ್ಮ ಚಿಕ್ಕಬೈರಪ್ಪ ಮನೆಯ ಯಜಮಾನನಾದ.

ಬೆಳಗಾಗುತ್ತಲೇ ಅಜ್ಜಿ ಹಸು ಹೊಡೆದುಕೊಂಡು ಜಯನಗರದ ಹೊಸ ಮನೆಗಳ ಕಡೆ ಹೊರಡುತ್ತಿದ್ದಳು. ಆಗ ಹಾಲು ಮನೆಗೆ ಬರುತ್ತಿರಲಿಲ್ಲ, ಹಸುವೇ ಬರುತ್ತಿತ್ತು. ಗೇಟಿನ ಮುಂದೆ ಹಸು ನಿಲ್ಲಿಸಿ, ಮನೆಯಾಕೆಯನ್ನು ಕೂಗಿ, ತನ್ನ ಪಾತ್ರೆಯನ್ನು ಬೋರಲು ಹಾಕಿ ತೋರಿಸಬೇಕು, ಒಳಗೆ ನೀರಿಲ್ಲ ಅಂತ. ಆಮೇಲೆ ಕರು ಬಿಟ್ಟು, ಅದು ಎರಡು ಗುಟುಕು ಕುಡಿದು ಹಸು ಹಾಲಿಳಿಸಿದ ಮೇಲೆ ಎಳೆದು ಕಟ್ಟಿ, ಅವರ ಕಣ್ಣೆದುರಿಗೇ ಕರೆಯಬೇಕು. ಹಾಲು ಕರೆಯುವುದರಲ್ಲಿ ಅಜ್ಜಿಗೆ ಅವಳದೇ ಒಂದು ಕಾನೂನಿತ್ತು. ಹಸುವಿಗೆ ನಾಲ್ಕು ಮೊಲೆ, ಎರಡು ಕರುವಿಗೆ, ಎರಡು ನಮಗೆ. ನಾಲ್ಕನ್ನೂ ಹಿಂಡಿ ಕರುವನ್ನು ಬರೀ ಹುಲ್ಲಿಗೆ ಬಿಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಬೀದಿಯಲ್ಲೇ ನಿಂತು, “ನಿನ್ ಮಕ್ಳ ಬಾಯಿಂದ ಕಿತ್ಕೊಂಡು ಯಾರಾದ್ರೂ ಕುಡುದ್ರೆ ಗೊತ್ತಾಯ್ತದೆ ನಿಂಗೆ!” ಎಂದು ಉಗಿಯುತ್ತಿದ್ದಳು. ಈ ಕಾನೂನನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅಮ್ಮ ಓದಿನಲ್ಲಿ ಚುರುಕಾಗಿದ್ದಳು. ಊರಿನ ಹುಡುಗಿಯರೆಲ್ಲ ನಾಲ್ಕನೇ ಕ್ಲಾಸಿಗೆ ಸ್ಲೇಟು ಒಲೆ ಪಕ್ಕ ಇಟ್ಟು ಕೂತರೆ, ಇವಳು ಬಸವನಗುಡಿ ಕಡೆಯ ಹೈಸ್ಕೂಲಿಗೆ ನಡೆದು ಹೋಗಿ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿ ವರ್ಷ ಶುರುವಾಗುವ ಹೊತ್ತಿಗೆ ಚಿಕ್ಕಬೈರಪ್ಪನ ಹೆಂಡತಿಯ ತಮ್ಮನೊಬ್ಬ ಮದುವೆ ವಯಸ್ಸಿಗೆ ಬಂದಿದ್ದ. ಚಿಕ್ಕಲಸಂದ್ರದವನು, ಮೂರು ಜೊತೆ ಎತ್ತು ಕಟ್ಟಿದವನು. ಚಿಕ್ಕತಾತ ಕೆಟ್ಟವನಲ್ಲ. ಅಪ್ಪನಿಲ್ಲದ ಹುಡುಗಿಯನ್ನು ಒಂದು ದಡ ಸೇರಿಸಿದರೆ ತನ್ನ ಹೊಣೆ ಮುಗಿಯಿತು ಎಂದುಕೊಂಡಿದ್ದ, ಅಷ್ಟೇ.

“ಅತ್ಗೆ, ಹುಡ್ಗಿ ಓದಿ ಏನ್ ಮಾಡ್ಬೇಕು? ಗಂಡು ಮನೆ ಬಾಗ್ಲಿಗೆ ಬಂದೈತೆ.”

“ಗಂಡು ಎಲ್ಗೂ ಓಡೋಗಲ್ಲ. ಅವ್ಳು ಟೀಚರಮ್ಮ ಆಗ್ತಾಳೆ.”

“ಪಾಸಾಗ್ಲಿಲ್ಲ ಅಂದ್ರೆ?”

“ಆಗ ನೀ ಹೇಳ್ದಂಗೆ. ಪಾಸಾದ್ರೆ ಮಾತ್ರ ನೀನು ಮದ್ವೆ ಅನ್ನೋ ಮಾತು ಎತ್ತಂಗಿಲ್ಲ. ಅವ್ಳು ಕೆಲ್ಸ ಹಿಡಿಯೋಗಂಟ.”

ಅಂಗಳದಲ್ಲಿ ನಾಲ್ಕು ಜನರ ಎದುರು ಆಡಿದ ಮಾತು. ಅಲ್ಲಿಗೆ ನನ್ನ ಅಮ್ಮನ ಬದುಕು ಒಂದು ಪರೀಕ್ಷೆಯ ಮೇಲೆ ನಿಂತಿತು. ಕಷ್ಟವೇನೆಂದರೆ ಅಮ್ಮನಿಗೆ ಇಂಗ್ಲಿಷ್ ಹತ್ತುತ್ತಿರಲಿಲ್ಲ. ಲೆಕ್ಕ ನೀರು ಕುಡಿದ ಹಾಗೆ ಮಾಡುವಳು, ಇಂಗ್ಲಿಷ್ ಪುಸ್ತಕ ತೆರೆದರೆ ಮಾತ್ರ ಮುಖ ಬಾಡುತ್ತಿತ್ತು.

ಅದೇ ಸಮಯಕ್ಕೆ ಶಿವಬಸಮ್ಮ ಬಂದರು. ಅವರ ಯಜಮಾನರು ಗುರುಶಾಂತಪ್ಪನವರು ಧಾರವಾಡದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ರಾಜ್ಯ ಒಂದಾದ ಮೇಲೆ ಬೆಂಗಳೂರಿಗೆ ವರ್ಗವಾಗಿ ಜಯನಗರದಲ್ಲಿ ಮನೆ ಮಾಡಿದ್ದರು. ಶಿವಬಸಮ್ಮ ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವರು, ಇಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಚಡಪಡಿಸುತ್ತಿದ್ದರು. ಅಜ್ಜಿ ಮೊದಲ ದಿನ ಹಸು ತಂದು ನಿಲ್ಲಿಸಿದಾಗ, ಬೋರಲು ಹಾಕಿದ ಪಾತ್ರೆಯನ್ನು ಆಕೆ ಇಸಿದುಕೊಂಡು ಒಳಗೆ ಕೈಯಾಡಿಸಿ ನೋಡಿದರಂತೆ.

“ಏನವ್ವಾ, ನನ್ ಮ್ಯಾಲೆ ನಂಬ್ಕೆ ಇಲ್ವಾ?” ಎಂದು ಅಜ್ಜಿ ಕೇಳಿದಳು.

“ನಂಬಿಕಿ ಅದ ರೀ. ಆದ್ರ ನೋಡೋದು ನನ್ನ ಚಾಳಿ.”

ಅಜ್ಜಿ ಮನೆಗೆ ಬಂದು, “ಹೊಸಾ ಮನೇಲಿ ಒಬ್ಳು ಬಂದವ್ಳೆ, ನನ್ನಂಗೇ ಸರಿಯಾದ ಗಯ್ಯಾಳಿ,” ಎಂದು ನಕ್ಕಳಂತೆ. ಗೆಳೆತನ ಅಲ್ಲಿಂದ ಶುರು.

ಒಂದು ಭಾನುವಾರ ಅಜ್ಜಿಗೆ ಸೊಂಟ ಹಿಡಿದು, ಅಮ್ಮನೇ ಹಸು ಹೊಡೆದುಕೊಂಡು ಹೋಗಿದ್ದಳು. ಕಂಕುಳಲ್ಲಿ ಇಂಗ್ಲಿಷ್ ಪುಸ್ತಕ. ಶಿವಬಸಮ್ಮ ಪಾತ್ರೆ ತರುವಷ್ಟರಲ್ಲಿ ಗೇಟಿಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದಳು, ಮೂರು ಪದಕ್ಕೆ ಎರಡು ತಪ್ಪು. ಶಿವಬಸಮ್ಮ ಹಾಲಿನ ಮಾತೇ ಮರೆತರು. “ಯಾರು ಕಲಿಸ್ಯಾರ ನಿನಗ ಹಿಂಗ? ಇವತ್ತು ಸಂಜಿಕೆ ಬಾ. ನಾಳೆನೂ ಬಾ. ದಿನಾ ಬಾ,” ಎಂದುಬಿಟ್ಟರು. ಜೂನ್ ಕಳೆದು ಜುಲೈ ಬರುವಷ್ಟರಲ್ಲಿ ಅಮ್ಮ ದಿನಾ ಸಂಜೆ ಅವರ ವರಾಂಡದಲ್ಲಿ. ಪಾಠಕ್ಕೆ ಪ್ರತಿಯಾಗಿ ಏನು ಕೊಡಹೋದರೂ ಆಕೆ ಮುಟ್ಟುತ್ತಿರಲಿಲ್ಲ. ಒಂದು ಸಲ ಅಜ್ಜಿ ಅವರೆಕಾಯಿ ಒಯ್ದು ಸುರಿದರೆ, ಅಷ್ಟನ್ನೂ ಸುಲಿದು ಅರ್ಧ ವಾಪಸು ಕಳಿಸಿದರು. ಅಜ್ಜಿಗೆ ಇದು ಹೊಟ್ಟೆಯೊಳಗೆ ಕೊರೆಯುತ್ತಿತ್ತು. ಅವಳು ಕೊಟ್ಟು ಬದುಕಿದವಳು, ಸುಮ್ಮನೆ ಇಸಿದುಕೊಂಡು ಅಭ್ಯಾಸವಿಲ್ಲ.

ಸಂಕ್ರಾಂತಿ ಕಳೆದ ವಾರ ಕೆಂಪಿ ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಹುಟ್ಟಿದ ಘಳಿಗೆಯಲ್ಲೇ ಎದ್ದು ನಿಂತು ಅಂಗಳವೆಲ್ಲ ಕುಣಿದಾಡಿತಂತೆ.

ಈದ ಹಸುವಿನ ಮೊದಲ ಹಾಲನ್ನು ನಮ್ಮಲ್ಲಿ ಯಾರೂ ಮಾರುವುದಿಲ್ಲ. ನೆಂಟರಿಗೆ, ನೆರೆಯವರಿಗೆ, ಬೇಕಾದವರಿಗೆ ಹಂಚುತ್ತೇವೆ. ಅವರು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಗಿಣ್ಣು ಮಾಡಿ ತಿನ್ನುತ್ತಾರೆ. ಅದಕ್ಕೊಂದು ಪದ್ಧತಿ ಉಂಟು. ಗಿಣ್ಣುಹಾಲು ತಂದ ಪಾತ್ರೆಯನ್ನು ತೊಳೆದು ವಾಪಸು ಕೊಡಬಾರದು. ಹಾಲಿನ ಪಸೆ ಹಾಗೇ ಇರಬೇಕು, ಒಳಗೆ ಒಂದು ಚೂರು ಬೆಲ್ಲ ಹಾಕಿ ಕೊಡಬೇಕು. ತೊಳೆದರೆ ಹಸುವಿನ ಕೆಚ್ಚಲನ್ನೇ ತೊಳೆದ ಹಾಗೆ, ಹಾಲು ಬತ್ತುತ್ತೆ, ಕರುವಿಗೆ ಕೇಡು ಅಂತ ನಂಬಿಕೆ. ಯಡಿಯೂರಿನ ಮೂರು ವರ್ಷದ ಮಗುವಿಗೂ ಇದು ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರಿಗೂ ಬಾಯಿಬಿಟ್ಟು ಹೇಳುವ ಪ್ರಸಂಗ ಬಂದಿರಲಿಲ್ಲ.

ಅಜ್ಜಿಯ ತವರಿನವರು ಮದುವೆಗೆ ಕೊಟ್ಟ ಒಂದು ಹಿತ್ತಾಳೆ ತಂಬಿಗೆ ಇತ್ತು. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆದಿತ್ತು. ಗಿಣ್ಣು ಹಂಚುವುದು ಅದರಲ್ಲೇ. ಎಲ್ಲರ ಮನೆಗೂ ಕಾಲು ತಂಬಿಗೆ, ಹೆಚ್ಚೆಂದರೆ ಅರ್ಧ. ಶಿವಬಸಮ್ಮನ ಮನೆಗೆ ಆ ಸಲ ಅಜ್ಜಿ ತಾನೇ ಹೊತ್ತು ಹೋದಳು, ಕಂಠಮಟ್ಟ ತುಂಬಿಸಿ.

“ಅಯ್ಯ, ಇಷ್ಟ್ಯಾಕ್ರೀ ಅಮ್ಮಾರ? ಇರೋರು ಇಬ್ಬರ ನಾವು!” ಎಂದರಂತೆ ಶಿವಬಸಮ್ಮ.

“ನನ್ ಮಗಳಿಗೆ ಇಷ್ಟು ಮಾಡ್ತಾ ಇದೀರ. ಇಷ್ಟು ಬ್ಯಾಡ್ವಾ? ತಿನ್ನಿ.”

ಮಾರನೆಯ ಬೆಳಿಗ್ಗೆ ತಂಬಿಗೆಯನ್ನು ಶಿವಬಸಮ್ಮ ಕೈಯಾರೆ ಹಿಡಿದು ಬಂದರು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ, ಅಂಗಡಿಯಲ್ಲಿ ಈಗ ತಾನೇ ಕೊಂಡಂತೆ ಫಳಫಳ ಹೊಳೆಸಿ ತಂದಿದ್ದರು. ಒಳಗೆ ಎರಡು ಬಾಳೆಹಣ್ಣು. ಅವರ ಕಡೆ ಪಾತ್ರೆ ತೊಳೆಯದೆ ಕೊಟ್ಟರೆ ಮರ್ಯಾದೆ ಇಲ್ಲದವರು ಅನ್ನುತ್ತಾರೆ, ಪಾಪ. ಅಜ್ಜಿ ಅದನ್ನು ನೋಡಿ ಹೌಹಾರಿದಳು. ಬಾಯಿಗೆ ಬಂದದ್ದನ್ನು ನುಂಗಿ, ತಂಬಿಗೆ ಇಸಿದುಕೊಂಡು, ಕೂತುಕೊಳ್ಳಿ ಎಂದು ಸಹ ಹೇಳದೆ ಒಳಗೆ ಹೋದಳು.

ಆ ಸಂಜೆಗೆ ಕರು ಸಪ್ಪಗಾಯಿತು. ಹೊಟ್ಟೆ ಕೆಟ್ಟಿತು, ಕಾಲು ನಿಲ್ಲಲಿಲ್ಲ. ಅಜ್ಜಿ ಕಷಾಯ ಹಾಕಿದಳು, ಬೂದಿ ಹಚ್ಚಿದಳು, ಕೆಂಪಿಯ ಮೊಲೆಯನ್ನು ತಾನೇ ಅದರ ಬಾಯಿಗಿಟ್ಟು ಕೂತಳು. ಮೂರನೆಯ ಬೆಳಿಗ್ಗೆ ಕರು ಸತ್ತಿತು. ಅಜ್ಜಿ ಕೊಟ್ಟಿಗೆಯ ನೆಲದ ಮೇಲೆ ಕೂತು, ತನ್ನ ಮಕ್ಕಳು ಹೋದಾಗ ಅತ್ತ ಹಾಗೇ ಅತ್ತಳಂತೆ. ಆಮೇಲೆ ಎದ್ದು ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದಳು. “ತೊಳ್ದುಬಿಟ್ಲು! ನನ್ ಕರೂನ ತೊಳ್ದುಬಿಟ್ಲು!”

ಕರುವಿಲ್ಲದೆ ಕೆಂಪಿ ಹಾಲು ಇಳಿಸಲಿಲ್ಲ. ಇಂಥ ಹೊತ್ತಿನಲ್ಲಿ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಾರೆ. ಅದು ನೆಕ್ಕುತ್ತ ಹಾಲು ಬಿಡುತ್ತೆ. ಚಿಕ್ಕತಾತ ಅದನ್ನೇ ಹೇಳಿದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಅದುಕ್ಕೆ ಒಂದ್ಸಲ ಮೋಸ ಆಗಿದ್ದು ಸಾಕು. ಇನ್ನೊಂದ್ಸಲ ಬ್ಯಾಡ.” ಕರುವನ್ನು ಹಿತ್ತಲಲ್ಲಿ ಹೂಳಿಸಿ, ಕೆಂಪಿಯನ್ನು ಕರೆಯುವುದನ್ನೇ ಬಿಟ್ಟಳು. ಒಂದು ಸಲ ಮೋಸವಾದದ್ದು ಯಾವುದೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಂಬಿಗೆಯ ಮಾತು ಎಂದುಕೊಂಡರು.

ಅವತ್ತಿನಿಂದ ಅಜ್ಜಿ ಶಿವಬಸಮ್ಮನ ಮನೆಯ ಮುಂದೆ ಹಸು ನಿಲ್ಲಿಸಲಿಲ್ಲ. ಅಮ್ಮನಿಗೂ ಕಟ್ಟಪ್ಪಣೆ ಆಯಿತು. “ಆ ಮನೆ ಮೆಟ್ಲು ಹತ್ತುದ್ರೆ ನನ್ ಮನೆ ಮೆಟ್ಲು ಹತ್ಬ್ಯಾಡ.” ಪರೀಕ್ಷೆಗೆ ಎರಡು ತಿಂಗಳಿತ್ತು. ಇದನ್ನು ಕೇಳಿದಾಗಲೆಲ್ಲ ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತೆ. ಮಗಳ ಓದಿಗಾಗಿ ಇಡೀ ಮನೆಯನ್ನು ಎದುರು ಹಾಕಿಕೊಂಡವಳು, ಮಗಳಿಗೆ ಓದಿಸುತ್ತಿದ್ದವರನ್ನೇ ದೂರ ಮಾಡಿದಳಲ್ಲ, ಇದಕ್ಕೇನು ಹೇಳೋಣ?

ಒಂದು ದಿನ ಅಮ್ಮ ಶಾಲೆಯಿಂದ ಬರುವಾಗ ಶಿವಬಸಮ್ಮ ದಾರಿಯಲ್ಲಿ ತಡೆದರು. “ಯಾಕವಾ ಗೌರಿ, ನಾ ಏನು ತಪ್ಪು ಮಾಡೀನಿ?” ಅಮ್ಮ ಅಳುತ್ತ ತಂಬಿಗೆಯ ವಿಷಯ ಹೇಳಿದಳು. ಶಿವಬಸಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರಂತೆ. ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಸತ್ತ ಕರು ಸತ್ತದ್ದೇ ತಾನೆ?

ಫೆಬ್ರವರಿಯಲ್ಲಿ ಶಾಲೆಯವರು ಪ್ರಿಪರೇಟರಿ ಪರೀಕ್ಷೆ ಮಾಡಿದರು. ಅಮ್ಮ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಫೇಲು. ಸುದ್ದಿ ಕೇಳಿ ಚಿಕ್ಕತಾತ ಕೊಟ್ಟಿಗೆಗೆ ಬಂದ. “ಚಿಕ್ಕಲಸಂದ್ರದವ್ರಿಗೆ ಬಂದು ಹೋಗಿ ಅಂತ ಹೇಳಿ ಕಳಿಸ್ತೀನಿ, ಅತ್ಗೆ,” ಎಂದ. ಅಜ್ಜಿ ಕೆಂಪಿಗೆ ಹುಲ್ಲು ಹಾಕುತ್ತಲೇ ಇದ್ದಳು.

ಅಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಓದುತ್ತಿದ್ದಳು. ಒಂದೇ ವಾಕ್ಯ, ಅದೇ ಜಾಗದಲ್ಲಿ ತಡವರಿಕೆ, ಮತ್ತೆ ಮೊದಲಿಂದ. ಅಜ್ಜಿಗೆ ಭಾಷೆ ಗೊತ್ತಿಲ್ಲದಿದ್ದರೂ ಮಗಳು ಎಲ್ಲಿ ಎಡವುತ್ತಾಳೆ ಎಂಬುದು ಕಿವಿಗೆ ಗೊತ್ತಾಗಿಬಿಟ್ಟಿತ್ತು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಅಮ್ಮ ನಿಂತಾಗ, ಅಜ್ಜಿ ಬಂದು ಪುಸ್ತಕ ಕಿತ್ತುಕೊಂಡಳು. ಹರಿದು ಹಾಕುತ್ತಾಳೆ ಎಂದು ಅಮ್ಮ ಹೆದರಿದಳು. ಅಜ್ಜಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, “ಏಳು,” ಎಂದಳು.

ಸಂಜೆ ಐದರ ಹೊತ್ತು. ಶಿವಬಸಮ್ಮ ಬಾಗಿಲು ತೆರೆದವರೇ ಅಜ್ಜಿಯ ಕೈ ಹಿಡಿದುಕೊಂಡರು. “ಅಮ್ಮಾರ, ನಂದ ತಪ್ಪಾತ್ರೀ. ನಮ್ಮ ಕಡೆ ತೊಳೀಲಾರದ ಭಾಂಡೆ ಕೊಟ್ರ ಮಂದಿ ಬೈತಾರ. ನನಗ ಗೊತ್ತಿರಲಿಲ್ಲರೀ. ಆಣಿ ಮಾಡಿ ಹೇಳ್ತೀನಿ, ಗೊತ್ತಿರಲಿಲ್ಲ.”

ಅಜ್ಜಿಯ ತುಟಿ ಏನೋ ಹೇಳಲು ತೆರೆದು ಮುಚ್ಚಿತು ಎಂದು ಅಮ್ಮ ಹೇಳುತ್ತಿದ್ದಳು. ಆಮೇಲೆ ಪುಸ್ತಕವನ್ನು ಮುಂದೆ ಹಿಡಿದಳು. “ಕರು ಹೋಯ್ತು. ಹೋಗಿದ್ದು ಹೋಯ್ತು. ಮಗಳನ್ನ ಉಳಿಸ್ಕೊಡಿ.”

ಶಿವಬಸಮ್ಮ ಉಳಿಸಿಕೊಟ್ಟರು. ಐದು ವಾರ, ದಿನಾ ಎರಡು ಹೊತ್ತು. ಬೆಳಿಗ್ಗೆ ಗುರುಶಾಂತಪ್ಪನವರು ಆಫೀಸಿಗೆ ಹೊರಡುವ ಮುಂಚೆ ಒಂದು ಪುಟ ಉಕ್ತಲೇಖನ ಕೊಡುತ್ತಿದ್ದರು, ಸಂಜೆ ಶಿವಬಸಮ್ಮ. ಹಾಲ್ ಟಿಕೆಟ್ ಬಂದ ದಿನ ಅಜ್ಜಿ ಅದರ ಮೇಲಿನ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದಳು. ದಿನಾ ಬೆಳ್ಳಿಯ ಹಾಲು ಕರೆಯುತ್ತ ಅದನ್ನೇ ನೋಡುವಳು. ಪೇಪರಿನಲ್ಲಿ ಬಂದಾಗ ತನ್ನ ಕಣ್ಣಲ್ಲೇ ನೋಡಬೇಕು, ಯಾರೋ ಪಾಸು ಎಂದರೆ ತಾನು ನಂಬುವವಳಲ್ಲ ಎಂಬುದು ಅವಳ ವಾದ. ಪಾತ್ರೆ ಬೋರಲು ಹಾಕಿ ತೋರಿಸುತ್ತಿದ್ದವಳು ಬೇರೆ ಇನ್ನೇನು ಹೇಳಿಯಾಳು!

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗುರುಶಾಂತಪ್ಪನವರು ಪೇಪರನ್ನು ವರಾಂಡದ ನೆಲದ ಮೇಲೆ ಹರಡಿದರು. ಇರುವೆ ಸಾಲಿನಂಥ ಅಂಕಿಗಳ ಮೇಲೆ ಅಜ್ಜಿ ಬೆರಳಿಟ್ಟುಕೊಂಡು ಬಂದಳು. ಅವರಿಗೆ ಮೊದಲೇ ಕಂಡಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಮೂರನೆಯ ಸಾಲಿನ ಮಧ್ಯ ಅಜ್ಜಿಯ ಬೆರಳು ನಿಂತಿತು. “ಇದೇ ಅಲ್ವಾ ಸ್ವಾಮಿ? ಇದೇ ತಾನೆ?” ಹೌದು ಎಂದ ಕೂಡಲೇ ಅಜ್ಜಿ ಆ ಪೇಪರಿನ ಮೇಲೇ ಕೂತು ಅತ್ತಳು. ಚಿಕ್ಕತಾತ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು. ಚಿಕ್ಕಲಸಂದ್ರಕ್ಕೆ ತಾನೇ ಹೋಗಿ ಬೇಡ ಎಂದು ಬಂದ.

ಅಮ್ಮ ಟ್ರೈನಿಂಗ್ ಮುಗಿಸಿ ಪ್ರೈಮರಿ ಶಾಲೆಯ ಟೀಚರಾದಳು. ಅಲ್ಲೇ ಪಾಠ ಹೇಳುತ್ತಿದ್ದ ಗಂಗಾಧರಯ್ಯ, ಅಂದರೆ ನನ್ನ ಅಪ್ಪ, ಮದುವೆಯಾಗಿ ನಮ್ಮ ಯಡಿಯೂರಿನ ಮನೆಗೇ ಬಂದ. ನನಗೆ ಹೆಸರಿಟ್ಟದ್ದು ಶಿವಬಸಮ್ಮ, ಉಮಾಮಹೇಶ್ವರಿ ಅಂತ. ಹುಟ್ಟಿದವರೆಲ್ಲ ಮುನಿಯಪ್ಪ, ಮುನಿಲಕ್ಷ್ಮಮ್ಮ ಆಗುವ ನಮ್ಮ ವಂಶದಲ್ಲಿ ಇಷ್ಟುದ್ದದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಅಜ್ಜಿ ಅದನ್ನು ಉಮ್ಮಿ ಮಾಡಿ ಮುಗಿಸಿದಳು.

ಕೆಂಪಿ ಮತ್ತೆ ಕರು ಹಾಕಿತು, ಆಮೇಲೆ ಅದರ ಮಗಳು ಹಾಕಿತು. ಪ್ರತಿ ಸಲವೂ ಮೊದಲ ಗಿಣ್ಣುಹಾಲು ಶಿವಬಸಮ್ಮನ ಮನೆಗೆ, ಅದೇ ತಂಬಿಗೆಯಲ್ಲಿ, ಅರ್ಧಕ್ಕಿಂತ ಹೆಚ್ಚಿಲ್ಲ. ಪ್ರತಿ ಸಲವೂ ತಂಬಿಗೆ ತೊಳೆಯದೆ, ಬೆಲ್ಲದ ಚೂರಿನ ಜೊತೆ ವಾಪಸು. ಅದನ್ನು ಶಿವಬಸಮ್ಮ ಎರಡು ಕೈಯಲ್ಲಿ ಹಿಡಿದು ತರುವುದನ್ನು ನಾನೇ ನೋಡಿದ್ದೇನೆ. ನಮ್ಮ ಮನೆಯೊಳಗೆ ಎಷ್ಟು ನಗುನಗುತ್ತ ಇರುತ್ತಿದ್ದರೋ, ಕೊಟ್ಟಿಗೆಯ ಕಡೆ ಬಂದರೆ ಅಷ್ಟೇ ಸುಮ್ಮನಾಗುತ್ತಿದ್ದರು.

1969ರ ಮಳೆಗಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿ, ಎರಡು ಮಾತಿಗೆ ಒಂದು ಸಲ ಉಸಿರು ನಿಲ್ಲಿಸಿಕೊಳ್ಳಬೇಕಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ. ಆ ವಾರವೇ ಕೆಂಪಿಯ ಮಗಳು ಕರು ಹಾಕಿತ್ತು. ಅಮ್ಮ ಅರ್ಧ ತಂಬಿಗೆ ಹಾಲು ಕೊಟ್ಟು ಬಂದಳು. ಮಾರನೆಯ ದಿನ ಸಂಜೆ ಶಿವಬಸಮ್ಮ ತಂಬಿಗೆ ತಂದು ಅಜ್ಜಿಯ ಹಾಸಿಗೆಯ ಪಕ್ಕ ಇಟ್ಟರು. ಒಳಗೆ ಹಾಲಿನ ಪಸೆ, ಬೆಲ್ಲದ ಚೂರು. ನಾನು ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡೆ.

ಅಜ್ಜಿ ತಂಬಿಗೆಯನ್ನೇ ನೋಡುತ್ತಿದ್ದಳು. “ಕೂತ್ಕೊಳಿ. ಒಂದ್ ಮಾತೈತೆ.”

ಶಿವಬಸಮ್ಮ ಕೂತರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

“ಗೌರಿ ಪರೀಕ್ಸೆ ವರ್ಸ ನಿಮ್ ಮನೆಗೆ ತಂಬಿಗೆ ತುಂಬಾ ತಂದಿದ್ನಲ್ಲ, ಗ್ಯಾಪಕ ಐತಾ?”

“ಮರಿಯೂದು ಹ್ಯಾಂಗರೀ ಅಮ್ಮಾರ?”

“ಎರಡು ಮೊಲೆ ಹಾಲಲ್ಲಿ ಇದು ತುಂಬಲ್ಲ ಕಣವ್ವ. ನಾಲ್ಕೂ ಕರ್ದೆ.” ಅಜ್ಜಿ ಉಸಿರು ತೆಗೆದುಕೊಂಡಳು. “ಒಂದೊತ್ತಲ್ಲ, ಎರಡು ದಿನ. ಎಲ್ಲಾ ಮನೆಗೂ ಹಂಚ್ಬೇಕು, ನಿಮಗೆ ತುಂಬಾ ಕೊಡ್ಬೇಕು. ಕರು ಬಾಯಾಕಕ್ಕೆ ಬರ್ತಿತ್ತು, ಎಳ್ದು ಕಟ್ದೆ. ನನ್ ಮಗಳಿಗೆ ವಿದ್ಯೆ ಕೊಡ್ತಾವ್ರೆ, ಅರ್ಧ ಕೊಟ್ರೆ ಏನ್ ಚೆಂದ ಅಂತ. ಮೊದಲ್ನೇ ಹಾಲು ಇಲ್ದಿದ್ರೆ ಕರು ನಿಲ್ಲಲ್ಲ ಅಂತ ನಂಗೊತ್ತಿಲ್ವಾ? ಗೊತ್ತಿತ್ತು. ನೀವು ತೊಳ್ದಿದ್ದಕ್ಕಲ್ಲ ಅದು ಹೋಗಿದ್ದು. ನಾನು ಅದರ ಪಾಲು ಕದ್ದಿದ್ದಕ್ಕೆ.”

ಶಿವಬಸಮ್ಮ ಎದ್ದು ನಿಂತರು. ಅವರು ಕೋಪಿಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹನ್ನೊಂದು ವರ್ಷ ಆತ್ರೀ! ನಿಮ್ಮ ಕೊಟ್ಟಿಗಿ ಮುಂದ ಹಾಯುವಾಗೆಲ್ಲಾ ನಾ ತಲಿ ತಗ್ಗಿಸಿ ಹೋಗೀನಿ. ಒಂದು ಜೀವ ಕಳದೆ ಅಂತ ಎಷ್ಟು ಅತ್ತೀನಿ. ಒಂದು ಮಾತು ಹೇಳಬಾರದಿತ್ತೇನ್ರೀ?”

“ನೋಡ್ತಾನೇ ಇದ್ದೆ ಕಣವ್ವ. ಅವತ್ತು ನಿಮ್ ಬಾಗ್ಲಲ್ಲಿ ಹೇಳಣ ಅಂತ್ಲೇ ಬಂದಿದ್ದೆ, ನಾಲ್ಗೆ ಏಳ್ಲಿಲ್ಲ. ಪಕ್ಕದಲ್ಲಿ ಇವ್ಳು ನಿಂತಿದ್ಲು.” ಅಜ್ಜಿ ಬಾಗಿಲ ಕಡೆ ನೋಡಿದಳು. “ಕರು ಬಾಯಿಂದ ಕಿತ್ತು ನನ್ನ ಓದ್ಸಿದ್ರು ಅಂತ ಇವ್ಳು ಅಂದ್ಕೊಂಡ್ರೆ? ಆ ಪುಸ್ತಕ ಮುಟ್ತಿದ್ಲಾ? ಅದಕ್ಕೆ ನಿಮ್ ಮ್ಯಾಲೇ ಇರ್ಲಿ ಅಂತ ಬಿಟ್ಟೆ. ಸ್ವಾರ್ಥಿ ಮುಂಡೇದು ನಾನು.”

ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಶಿವಬಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಂಬಿಗೆ ಎತ್ತಿಕೊಂಡು ಬಚ್ಚಲಿಗೆ ಹೋದರು. ಹುಣಸೆಹಣ್ಣು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ನಮ್ಮ ಮನೆಯಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ನನಗೆ ಗಾಬರಿಯಾಯಿತು. “ಅಜ್ಜಿ, ತೊಳೀತಾ ಇದಾರೆ! ಗಿಣ್ಣಿನ ತಂಬಿಗೆ ತೊಳೀತಾ ಇದಾರೆ!”

“ತೊಳೀಲಿ ಬಿಡು ಉಮ್ಮಿ,” ಎಂದಳು ಅಜ್ಜಿ.

ತಂಬಿಗೆ ಹೊಳೆಯುತ್ತ ಬಂತು. ಕಂಠದ ಮೇಲಿನ ಚುಕ್ಕೆಯ ಅಕ್ಷರ ಒಂದೊಂದೂ ಎದ್ದು ಕಾಣುತ್ತಿತ್ತು. ಶಿವಬಸಮ್ಮ ಅದನ್ನು ಅಜ್ಜಿಯ ತಲೆದಿಂಬಿನ ಪಕ್ಕ ಇಟ್ಟು, “ನಾಳೆ ಬರ್ತೀನ್ರೀ. ಗಂಜಿ ಮಾಡ್ಕೊಂಡು ಬರ್ತೀನಿ. ಕುಡೀದಿದ್ರ ನೋಡ್ರಿ ಮತ್ತ,” ಎಂದು ಗದರಿಸಿ ಹೋದರು. ಮರುದಿನ ಬಂದರು, ಅಜ್ಜಿ ಕಣ್ಣು ಮುಚ್ಚುವವರೆಗೂ ದಿನಾ ಬಂದರು.

ಅಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ, ಅಜ್ಜಿಯನ್ನು ಮಾತಾಡಿಸಲೂ ಇಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಸೀರೆಯುಟ್ಟು, ಹಾಲಿನ ಪಾತ್ರೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ನಾನು ಹಿಂದೆಯೇ ಹೋದೆ. ಪಾತ್ರೆಯನ್ನು ಗೋಡೆಯ ಪಕ್ಕ, 4172ರ ಕೆಳಗೆ ಬೋರಲು ಹಾಕಿದಳು. ಕರುವಿನ ಹಗ್ಗ ಬಿಚ್ಚಿದಳು. ಕರು ಓಡಿ ಹೋಗಿ ಬಾಯಿ ಹಾಕಿತು. ಅಮ್ಮ ಅದನ್ನು ಎಳೆದು ಕಟ್ಟಲಿಲ್ಲ. ಒಂದು ಮೊಲೆ ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು, ಕರು ತಲೆ ಗುದ್ದಿ ಗುದ್ದಿ ಕುಡಿಯುತ್ತಿತ್ತು, ಅಮ್ಮ ಗೋಡೆಗೆ ಒರಗಿ ಅಳುತ್ತ ನೋಡುತ್ತಿದ್ದಳು.

ನಡುಮನೆಯಿಂದ ಅಜ್ಜಿಯ ದನಿ ಬಂತು. “ಗೌರೀ, ಹಾಲು ಕರ್ದೇನೇ?”

ಅಮ್ಮ ಮುಖ ಒರೆಸಿಕೊಂಡಳು. “ಇಲ್ಲ ಕಣವ್ವ. ಇವತ್ತು ನಾಲ್ಕೂ ಕರುಗೆ.”

“ಕುಡೀಲಿ,” ಎಂದಳು ಅಜ್ಜಿ.